ಚಿಕ್ಕಪ್ಪ ಟೈರು ಆರಿಸಿದ್ದು

ನನ್ನ ಚಿಕ್ಕಪ್ಪ ದೇವರನ್ನು ನಂಬುತ್ತಾರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ರಬ್ಬರನ್ನು ನಂಬುವುದಿಲ್ಲ ಎಂಬುದು ಮಾತ್ರ ಚೆನ್ನಾಗಿ ಗೊತ್ತು.

ಒಲೆಯ ಮೇಲೆ ಕುಕ್ಕರ್ ಇದ್ದರೆ ಅವರು ಅಡುಗೆಮನೆಗೆ ಕಾಲಿಡುವುದಿಲ್ಲ. ಇಡೀ ಮನೆಯ ಕ್ಷೇಮವನ್ನು ಒಂದು ರಬ್ಬರ್ ಉಂಗುರದ ಕೈಗೆ ಕೊಟ್ಟು ಬೇಳೆ ಬೇಯಿಸುವವರ ಧೈರ್ಯ ಅವರಿಗೆ ಅರ್ಥವೇ ಆಗುವುದಿಲ್ಲವಂತೆ. ಹವಾಯಿ ಚಪ್ಪಲಿ ಹಾಕುವುದಿಲ್ಲ. ಅಂಗಡಿಯಿಂದ ಬಂದ ಕರಿಬೇವಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಇದ್ದರೆ ಅದನ್ನು ತೆಗೆದು ದಾರ ಕಟ್ಟಿಡುತ್ತಾರೆ. ಕರಿಬೇವು ತಪ್ಪಿಸಿಕೊಂಡು ಎಲ್ಲಿಗೆ ಹೋದೀತು, ನೀವೇ ಹೇಳಿ!

ಇದಕ್ಕೊಂದು ಹಿನ್ನೆಲೆ ಇದೆ. ನಿವೃತ್ತಿಯಾಗುವವರೆಗೂ ಅವರು ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಚಕ್ರ ಪರೀಕ್ಷಿಸುವ ಕೆಲಸದಲ್ಲಿದ್ದರು. ಉದ್ದ ಹಿಡಿಯ ಸುತ್ತಿಗೆಯಿಂದ ಉಕ್ಕಿನ ಚಕ್ರಕ್ಕೆ ಬಡಿಯುವುದು, ಕಿವಿಗೊಟ್ಟು ಕೇಳುವುದು. ಗಂಟೆಯ ಹಾಗೆ ಮೊಳಗಿದರೆ ಚಕ್ರ ಗಟ್ಟಿ; ಸದ್ದು ಮಂಕಾದರೆ ಎಲ್ಲೋ ಬಿರುಕಿದೆ ಎಂದರ್ಥ. ಆಯುಸ್ಸಿಡೀ ಉಕ್ಕಿನ ಮಾತು ಕೇಳಿದವರಿಗೆ ರಬ್ಬರು ಮೂಕನಂತೆ ಕಾಣುತ್ತದೆ. ಮೂಕನಾದರೂ ವಾಸಿ, ಅವರಿಗೆ ಅದು ಕಪಟಿಯಂತೆ ಕಾಣುತ್ತದೆ. ಇಂಥವರು ನಿವೃತ್ತಿಯ ನಂತರ ಒಂದು ಸೆಡಾನ್ ಕಾರು ಏಕೆ ಕೊಂಡರೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬಂದಿಲ್ಲ. ಕೊಂಡರು, ಅಶೋಕಪುರಂ ಮನೆಯ ಮುಂದೆ ನಿಲ್ಲಿಸಿದರು, ಮೇಲೊಂದು ಹೊದಿಕೆ ಹೊದಿಸಿದರು. ನನಗೆ ಡ್ರೈವಿಂಗ್ ಕಲಿಸಿದ್ದನ್ನು ಬಿಟ್ಟರೆ ಅದು ಹೊರಬರುತ್ತಿದ್ದದ್ದು ಆಯುಧಪೂಜೆಯ ದಿನ, ನಿಂಬೆಹಣ್ಣು ತುಳಿಯಲು.

ಈ ಕಾರು ನನ್ನ ಪಾಲಿಗೆ ಬಂದದ್ದು ಕೆಲಸ ಸಿಕ್ಕಿದಾಗ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಔಷಧ ಕಾರ್ಖಾನೆಯ ಲ್ಯಾಬು. ರಸಾಯನಶಾಸ್ತ್ರ ಓದುವಾಗಿನಿಂದ ನಾನು ಬಯಸಿದ್ದು ಇಂಥದ್ದೇ ಕೆಲಸ. ಆದರೆ ಪಾಳಿ ಮುಗಿಯುವ ಹೊತ್ತಿಗೆ ಅಲ್ಲಿ ಬಸ್ಸಿಲ್ಲ. ಕಾರ್ಖಾನೆಯ ವ್ಯಾನು ಮೇಟಗಳ್ಳಿ ಕಡೆಯವರಿಗೆ ಮಾತ್ರ. ಸ್ವಂತ ಗಾಡಿಯಿದ್ದರೆ ಸೇರು, ಇಲ್ಲದಿದ್ದರೆ ಈ ಕೆಲಸವೇ ಬೇಡ ಎಂದು ಅಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಳು. ಆಗ ಚಾಮರಾಜಪುರಂನ ನಮ್ಮ ಮನೆಗೆ ಬಂದ ಚಿಕ್ಕಪ್ಪ, ಕಾಫಿ ಕುಡಿದು ಲೋಟ ಕೆಳಗಿಡುತ್ತಾ, ತಮ್ಮ ಕಾರು ಕೊಡುವುದಾಗಿ ಹೇಳಿದರು. ನಾನು ಖುಷಿಪಡುವಷ್ಟರಲ್ಲಿ ಷರತ್ತು ಬಂತು. ನಿಂತೂ ನಿಂತೂ ಟೈರುಗಳ ಪಕ್ಕೆ ಬಿರುಕು ಬಿಟ್ಟಿದೆ, ನಾಲ್ಕನ್ನೂ ಬದಲಾಯಿಸಬೇಕು, ಹೊಸದನ್ನು ಅವರೇ ಆರಿಸಬೇಕು.

ಅವತ್ತು ಮಂಗಳವಾರ. ನಾನು ಕೆಲಸಕ್ಕೆ ಸೇರಬೇಕಾದದ್ದು ಮುಂದಿನ ಸೋಮವಾರ. ನಾಲ್ಕು ಟೈರು ಕೊಳ್ಳಲು ಎಷ್ಟು ಹೊತ್ತು ಬೇಕು? ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಆಗಿಹೋಗುವ ಕೆಲಸ ಎಂದುಕೊಂಡೆ.

ಮರುದಿನ ಚಿಕ್ಕಪ್ಪ ಟೈರು ಅಂಗಡಿಗೆ ಸುತ್ತಿಗೆ ತಂದಿದ್ದರು!

ಅಂಗಡಿಯ ಯಜಮಾನರು ಸಂಭಾವಿತರು. ಒಂದು ಟೈರನ್ನು ಉರುಳಿಸಿಕೊಂಡು ಬಂದು ಮುಂದೆ ನಿಲ್ಲಿಸಿದರು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು, ಬಗ್ಗಿ, ಸುತ್ತಿಗೆಯಿಂದ ಒಂದು ಬಡಿದು ಕಿವಿಯಿಟ್ಟರು. ದಬ್ ಎಂದಿತು. ಇನ್ನೊಂದು ಟೈರಿಗೆ ಬಡಿದರು. ಅದೂ ದಬ್ ಎಂದಿತು. ಗೋಡೆಗೊರಗಿದ್ದ ಟೈರುಗಳ ಸಾಲಿಗೇ ಬಡಿಯುತ್ತಾ ಹೋದರು. ನಾನು ಬೀದಿಯ ಆಚೆ ಬದಿಗೆ ಹೋಗಿ ನಿಲ್ಲಬಹುದೇ ಎಂದು ಯೋಚಿಸುತ್ತಿದ್ದೆ.

"ಇದು ಮಾತೇ ಆಡಲ್ವಲ್ಲ ಸ್ವಾಮಿ," ಎಂದರು ಚಿಕ್ಕಪ್ಪ.

"ಮಾತಾಡೋ ಟೈರು ನಾವು ಇಟ್ಟಿಲ್ಲ ಸಾರ್. ಇದು ಆಲ್ ಸೀಸನ್. ಬಿಸಿಲು, ಮಳೆ, ಚಳಿ, ಎಲ್ಲಾ ಕಾಲಕ್ಕೂ ಆಗುತ್ತೆ."

"ಮೈಸೂರಲ್ಲಿ ಎಷ್ಟು ಕಾಲ ಐತೆ ಹೇಳಿ?"

"ಮೂರು ಸಾರ್."

"ಎರಡೇ. ಒಂದು ದಸರಾ, ಇನ್ನೊಂದು ದಸರಾ ಅಲ್ಲದ್ದು. ದಸರಾದಲ್ಲಿ ಗಾಡಿ ಅಲ್ಲಾಡಕ್ಕೇ ಜಾಗ ಇರಲ್ಲ. ಇನ್ನು ಟೈರು ಯಾವುದಾದ್ರೇನು? ಆದ್ರೆ ಎಲ್ಲರಿಗೂ ಆಯ್ತೀನಿ ಅನ್ನೋನು ಕಷ್ಟ ಬಂದಾಗ ಯಾರಿಗೂ ಆಗಕ್ಕಿಲ್ಲ. ಅದು ನನ್ನ ಅನುಭವ."

ಯಜಮಾನರು ನನ್ನ ಮುಖ ನೋಡಿದರು. ನಾನು ಕ್ಯಾಲೆಂಡರ್ ನೋಡಿದೆ. ಬರಿಗೈಲಿ ವಾಪಸಾದೆವು.

ಉಕ್ಕಿನ ವಿದ್ಯೆ ಇಲ್ಲಿ ನಡೆಯದು ಎಂದಾದ ಮೇಲೆ ಚಿಕ್ಕಪ್ಪ ಸಾಕ್ಷಿಗಳ ಹೇಳಿಕೆ ಪಡೆಯಲು ಹೊರಟರು. ಗುರುವಾರ ನೆಂಟರ ಮದುವೆಗೆಂದು ಛತ್ರಕ್ಕೆ ಹೋಗಿದ್ದೆವು. ಧಾರೆ ಮುಗಿದು ಊಟ ಶುರುವಾದ ಹೊತ್ತಿಗೆ ಚಿಕ್ಕಪ್ಪ ಕಾಣೆ. ಹುಡುಕಿಕೊಂಡು ಹೊರಗೆ ಬಂದರೆ, ಯಾರದೋ ಕಾರಿನ ಹಿಂದಿನ ಚಕ್ರದ ಮುಂದೆ ಜರಿಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕೂತಿದ್ದಾರೆ. ಕಾರಿನ ಒಡೆಯರು ತೆಂಗಿನಕಾಯಿ ಚೀಲ ಹಿಡಿದು ಅದೇ ಹೊತ್ತಿಗೆ ಬಂದರು.

"ಯಾರ್ರೀ ಅದು, ನಮ್ಮ ಗಾಡಿ ಗಾಳಿ ಬಿಡ್ತಿರೋದು?"

"ಗಾಳಿ ಬುಡ್ತಿಲ್ಲ ಸ್ವಾಮಿ. ನಿಮ್ಮ ಟೈರು ಮಳೇಲಿ ಎಂಗೆ ಅಂತ ಕೇಳೋಣ ಅಂತ ಕಾಯ್ತಾ ಇದ್ದೆ."

ಜಗಳವಾಗುತ್ತದೆ ಎಂದು ನಾನು ಹೆದರಿದ್ದೆ. ಆದದ್ದು ಅದಕ್ಕಿಂತ ಘೋರ. ಆ ಮನುಷ್ಯರು ಚೀಲವನ್ನು ಕಾರಿನ ಮೇಲಿಟ್ಟು ತಾವೂ ಕುಕ್ಕರಗಾಲಲ್ಲಿ ಕೂತರು! ಊಟ ಮುಗಿಸಿ ಬಂದ ಇನ್ನೂ ಮೂವರು ಸೇರಿಕೊಂಡರು. ಒಬ್ಬರ ಟೈರು ಸದ್ದು ಜಾಸ್ತಿ, ಒಬ್ಬರದು ಬೇಗ ಸವೆಯುತ್ತದೆ, ಇನ್ನೊಬ್ಬರು ತಮ್ಮ ಭಾವನ ಟೈರಿನ ಗುಣಗಾನ ಮಾಡಿದರು. ಇಷ್ಟೆಲ್ಲ ಯಾರಿಗಾಗಿ ಎಂದು ಯಾರೋ ಕೇಳಿರಬೇಕು. ದೂರದಲ್ಲಿ ಮೊಬೈಲು ನೋಡುವವಳಂತೆ ನಿಂತಿದ್ದ ನನ್ನ ಕಡೆಗೆ ಚಿಕ್ಕಪ್ಪ ಕೈ ತೋರಿಸಿದರು. ಜರಿಪಂಚೆಯ ಗಂಡಸರೆಲ್ಲ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು.

ಸಂಜೆಯೇ ಅಮ್ಮನಿಗೆ ನೆಂಟರೊಬ್ಬರ ಫೋನು. ಛತ್ರದ ಬಾಗಿಲಲ್ಲೇ ಹುಡುಗಿಯನ್ನು ನೋಡಿಕೊಂಡು ಹೋದರಂತಲ್ಲ, ಗಂಡಿನ ಕಡೆಯವರು ಎಲ್ಲಿಯವರು?

ಶುಕ್ರವಾರ ನಾನು ಚಿಕ್ಕಪ್ಪನ ಜೊತೆ ಮಾತಾಡಲಿಲ್ಲ. ಅದನ್ನು ಅವರು ಗಮನಿಸಲೂ ಇಲ್ಲ, ಹೇಳಿಕೆಗಳನ್ನು ತೂಗಿನೋಡುತ್ತಿದ್ದರು.

ಶನಿವಾರ ಸಂಜೆ ಮತ್ತೆ ಅದೇ ಅಂಗಡಿ. ಅಂತೂ ಒಂದು ಕಂಪನಿಯ ಟೈರು ಅವರ ಮನಸ್ಸಿಗೆ ಬಂದಿತ್ತು. ಅಂಗಡಿಯವರು ಮೊದಲ ದಿನವೇ ತೋರಿಸಿದ್ದ ಆಲ್ ಸೀಸನ್ ಟೈರು ಅದು ಎಂಬುದನ್ನು ನಾನಾಗಲಿ ಯಜಮಾನರಾಗಲಿ ಬಾಯಿಬಿಟ್ಟು ಹೇಳಲಿಲ್ಲ. ಹಳೆಯ ಟೈರು ಬಿಚ್ಚಲು ಕಾರನ್ನು ಜಾಕ್ ಮೇಲೆ ಎತ್ತಿಯೂ ಆಯಿತು. ಆಗ ಚಿಕ್ಕಪ್ಪ ಹೊಸ ಟೈರಿನ ಪಕ್ಕೆಯಲ್ಲಿ ಅಚ್ಚೊತ್ತಿದ್ದ ಅಂಕಿಗಳನ್ನು ಓದಲು ಬಗ್ಗಿದರು. ಅದು ಯಾವ ವಾರ ತಯಾರಾದದ್ದೆಂದು ತಿಳಿಸುವ ಗುರುತು. ಮೂರು ಟೈರು ಒಂದೇ ವಾರದವು. ನಾಲ್ಕನೆಯದು ಅದಕ್ಕಿಂತ ಹಳೆಯದು, ಬರೀ ಒಂದು ತಿಂಗಳಷ್ಟು.

ಬೇಡ ಎಂದುಬಿಟ್ಟರು. ನಾಲ್ಕೂ ಜೊತೆಯಲ್ಲಿ ಹುಟ್ಟಿರಬೇಕಂತೆ. ಅಂಥದ್ದು ತರಿಸಲು ಬುಧವಾರವಾಗುತ್ತದೆ ಎಂದು ಯಜಮಾನರು. ಕಾಯುತ್ತೇವೆ ಎಂದು ಚಿಕ್ಕಪ್ಪ. ತಿಂಗಳ ವ್ಯತ್ಯಾಸದಿಂದ ಏನೂ ಆಗದು ಎಂದು ಯಜಮಾನರು ಬಗೆಬಗೆಯಾಗಿ ಹೇಳಿದರು. ಚಿಕ್ಕಪ್ಪ ಸುತ್ತಿಗೆ ಚೀಲಕ್ಕೆ ಹಾಕಿಕೊಂಡರು.

ನನಗೆ ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಕೋಪ ಬಂದರೆ ದನಿ ಇನ್ನೂ ಸಣ್ಣದಾಗುತ್ತದೆ.

"ಚಿಕ್ಕಪ್ಪ, ಸೋಮವಾರ ಬರೋಕಾಗಲ್ಲ ಅಂತ ಕಾರ್ಖಾನೆಗೆ ಹೇಳಿಬಿಡ್ತೀನಿ. ಅವರು ಬೇರೆಯವರನ್ನ ತಗೋತಾರೆ."

ಅವರು ನನ್ನನ್ನು ನೋಡಲಿಲ್ಲ. ಕೆಳಗೆ ಕೂತು ಆ ನಾಲ್ಕನೆಯ ಟೈರನ್ನು ಅಂಗೈಯಿಂದ ಸವರಿದರು. ಆಮೇಲೆ ಟೈರಿಗೆ ಹೇಳುವವರ ಹಾಗೆ ಹೇಳಿದರು:

"ಎಷ್ಟು ಬೋಗಿ ಪಾಸ್ ಮಾಡಿ ಕಳಿಸ್ಬುಟ್ಟೆ ಕಣಮ್ಮ. ಒಳಗೆ ಯಾರು ಕೂತ್ಕತಾರೆ ಅಂತ ನಂಗೆ ಗೊತ್ತಿರ್ಲಿಲ್ಲ. ಇದ್ರಲ್ಲಿ ಯಾರು ಕೂತ್ಕತಾರೆ ಅಂತ ಗೊತ್ತಲ್ಲ."

ಚಿಕ್ಕಪ್ಪ ಮಂಡಿ ಹಿಡಿದುಕೊಂಡು ಎದ್ದರು.

"ಹಾಕಿ ಸ್ವಾಮಿ. ಈ ಹಳೇದನ್ನ ಮಾತ್ರ ಹಿಂದೆ ಎಡಗಡೆಗೆ ಹಾಕಿ. ಮಗು ಕೂರೋದು ಮುಂದೆ ಬಲಗಡೆ. ಅದಕ್ಕಿಂತ ದೂರದ ಮೂಲೆ ಕಾರಲ್ಲಿ ಇಲ್ಲ."

ಯಜಮಾನರು ತಕರಾರು ಮಾಡದೆ ಹಾಗೇ ಹಾಕಿಸಿದರು.

ನಾನೇ ಓಡಿಸಿಕೊಂಡು ಹೊರಟೆ. ತುಂತುರು ಮಳೆ ಶುರುವಾಗಿತ್ತು. ಚಿಕ್ಕಪ್ಪ ಪಕ್ಕದಲ್ಲಿ ಕೂತು, ಕಿಟಕಿ ಇಳಿಸಿ, ತಲೆ ಸ್ವಲ್ಪ ಹೊರಗೆ ಚಾಚಿ ಒದ್ದೆ ರಸ್ತೆಯ ಮೇಲೆ ಟೈರು ಉರುಳುವ ಸದ್ದು ಕೇಳುತ್ತಿದ್ದರು. ಭುಜ ನೆನೆಯುತ್ತಿತ್ತು. ಕಿಟಕಿ ಏರಿಸಿ ಎಂದು ಹೇಳುವ ಬದಲು ವೇಗ ತಗ್ಗಿಸಿದೆ. ಅವರ ಮನೆಯ ಗೇಟು ಬಂತು. ನಾನು ನಿಲ್ಲಿಸದೆ ಮುಂದಕ್ಕೆ ಹೋಗಿ, ಇನ್ನೊಂದು ಸುತ್ತು ಹಾಕಲು ಕಾರು ತಿರುಗಿಸಿದೆ. ಅವರು ತಲೆಯನ್ನು ಇನ್ನೂ ಸ್ವಲ್ಪ ಹೊರಗೆ ಚಾಚಿದರು.