ಸೈಕಲ್ ಮೇಲಿನ ಮ್ಯಾನೇಜರು

ಹಣಕಾಸಿನ ಸಂಸ್ಥೆಯೊಂದು ನಿಂತಿರುವುದು ಜನರ ನಂಬಿಕೆಯ ಮೇಲೆ. ನವನಗರದ ನಮ್ಮ ಪತ್ತಿನ ಸೊಸೈಟಿ ಮಾತ್ರ ಕೆಲವು ವಾರ ನನ್ನ ಸೈಕಲ್ಲಿನ ಮೇಲೆ ನಿಂತಿತ್ತು. ಅದರ ಸ್ಟ್ಯಾಂಡೋ ಸಡಿಲ. ನಾನು ಆ ಸೊಸೈಟಿಯ ಮ್ಯಾನೇಜರು. ಕ್ಯಾಬಿನ್ನಿನೊಳಗೆ ನನಗಿಂತ ಮೊದಲು ನನ್ನ ಹೊಟ್ಟೆ ಪ್ರವೇಶಿಸತೊಡಗಿದ್ದನ್ನು ಕಂಡು ಡಾಕ್ಟರು ಸೈಕಲ್ ತುಳಿಯಲು ಆಜ್ಞಾಪಿಸಿದ್ದರು. ರಾಯಾಪುರದ ಬಳಿಯ ನಮ್ಮ ಬಡಾವಣೆಯಲ್ಲಿ ಕೊತ್ತಂಬರಿ ತರಲಿಕ್ಕೂ ಕಾರು ಹೊರಡುತ್ತದೆ. ಅಲ್ಲಿ ಐವತ್ತು ದಾಟಿದ ಗೃಹಸ್ಥನೊಬ್ಬ ಸೈಕಲ್ ತುಳಿದರೆ, ಜನ ಕಾರು ನಿಧಾನಿಸಿ, ಗಾಜು ಇಳಿಸಿ, ಸಾವಿನ ಮನೆಯಲ್ಲಿ ಬಳಸುವ ದನಿಯಲ್ಲಿ “ಎಲ್ಲಾ ಆರಾಮ ಐತಿಲ್ರೀ?” ಎಂದು ವಿಚಾರಿಸುತ್ತಾರೆ. ಹೈವೇಯಲ್ಲಿ ಬೆನ್ನ ಹಿಂದೆ ಹಾರ್ನ್ ಕೇಳಿದಾಗಲೆಲ್ಲ, ವಿಮೆಯ ಕಂತು ಕಟ್ಟಿದ್ದೇನೆಯೇ ಎಂದು ನಾನೂ ವಿಚಾರಿಸಿಕೊಳ್ಳುತ್ತಿದ್ದೆ.

ಒಂದು ಸೋಮವಾರ ಶಿವಪ್ಪ ಕಾಕಾ ಬಂದರು. ಹತ್ತಿ ವ್ಯಾಪಾರಿ, ನಮ್ಮ ಅತಿ ದೊಡ್ಡ ಠೇವಣಿದಾರರು. ಅವರು ಇಟ್ಟಲ್ಲಿ ಇಡೀ ಓಣಿ ಇಡುತ್ತದೆ. ಅವರು ತೆಗೆದರೆ ಓಣಿಯೂ ತೆಗೆಯುತ್ತದೆ, ಆಮೇಲೆ ಆಡಳಿತ ಮಂಡಳಿ ನನ್ನನ್ನು ತೆಗೆಯುತ್ತದೆ. ನಮ್ಮ ಕಡೆ ದೊಡ್ಡವರು ವಿಷಯಕ್ಕೆ ಥಟ್ಟನೆ ಬರುವುದಿಲ್ಲ. ಮಳೆ, ಮೊಮ್ಮಕ್ಕಳು, ನನ್ನ ಹೆಂಡತಿಯ ಮಂಡಿನೋವು ಎಲ್ಲ ಮುಗಿದ ಮೇಲೆ ಚಹಾದ ಬಸಿ ಕೆಳಗಿಟ್ಟರು.

“ಸಾಹೇಬ್ರ, ನಾ ಏನ್ ಹೊರಗಿನಾಂವಲ್ಲ. ಖರೇ ಹೇಳ್ರಿ, ಕಾರ್ ಯಾವಾಗ ಮಾರಿದ್ರಿ?”

“ಮಾರಿಲ್ರೀ ಕಾಕಾ. ಮನ್ಯಾಗ ಐತಿ.”

“ಮನ್ಯಾಗ ಕಾರ್ ಇಟ್ಟು ಸೈಕಲ್ ಯಾರ್ ತುಳೀತಾರ್ರಿ?”

“ಡಾಕ್ಟರ್ ಹೇಳ್ಯಾರ್ರಿ.”

“ಅಂದ್ರ ಆರಾಮಿಲ್ಲ!” ಕಾಕಾ ಕುರ್ಚಿ ಮುಂದಕ್ಕೆಳೆದರು. “ಸೊಸೈಟೀದ ಚಿಂತಿ ಹತ್ತೇತೇನು? ಮೊನ್ನೆ ಹೈವೇದಾಗ ನೋಡೇನಿ, ನಿಮ್ಮ ಮಾರಿ ಬಾಡಿತ್ತು. ಸಾಲಗಾರ್ರು ಬೆನ್ನ ಹತ್ತಿದಂಗ ಹೊಳ್ಳಿ ಹೊಳ್ಳಿ ನೋಡಾಕತ್ತಿದ್ರಿ.”

“ಬೆನ್ನ ಹತ್ತಿದ್ದು ಟಿಪ್ಪರ್ರೀ ಕಾಕಾ.”

ಕಾಕಾ ನಂಬಲಿಲ್ಲ. ಬಾಗಿಲ ಬಳಿ ಪಾಸ್‌ಬುಕ್ ಹಿಡಿದು ನಿಂತಿದ್ದ ಮಂದಿಯೂ ನಂಬಲಿಲ್ಲ. ಸಾಕ್ಷಿಯನ್ನೇ ಹಾಜರುಪಡಿಸುವುದೆಂದು ನಿಶ್ಚಯಿಸಿ ಮನೆಗೆ ಫೋನ್ ಮಾಡಿದೆ. “ಹೆಂಗರ ಮಾಡಿ ಈಗಿಂದೀಗ ಕಾರ್ ತೊಗೊಂಡ ಸೊಸೈಟಿಗೆ ಬಾ.” ಹೆಂಡತಿ ಏನೋ ಹೇಳಹೊರಟಳು, ಮ್ಯಾನೇಜರಿಗೆ ತಕ್ಕ ಗತ್ತಿನಲ್ಲಿ ಫೋನಿಟ್ಟೆ. “ಬರ್ರಿ ಕಾಕಾ, ಕಣ್ಣಾರೆ ನೋಡ್ರಿ,” ಎಂದು ಎಲ್ಲರನ್ನೂ ಹೊರಗೆ ಕರೆದೊಯ್ದು ಮೆಟ್ಟಿಲ ಮೇಲೆ ನಿಲ್ಲಿಸಿದೆ.

ಬಹಳ ಹೊತ್ತಿನ ಮೇಲೆ ಕಾರು ಬಂತು. ಮುಂದೆ ಗ್ಯಾರೇಜಿನವನ ಜೀಪು, ಜೀಪಿಗೊಂದು ಹಗ್ಗ, ಹಗ್ಗದ ತುದಿಗೆ ನಮ್ಮ ಕಾರು, ಕಾರಿನಲ್ಲಿ ಸ್ಟೇರಿಂಗ್ ಹಿಡಿದು ದೇವರ ಮೂರ್ತಿಯಂತೆ ಕೂತ ನನ್ನ ಹೆಂಡತಿ.

“ಅಯ್ಯ, ಜಪ್ತಿ ಆತಲ್ಲೋ!” ಎಂದು ಗುಂಪಿನಲ್ಲಿ ಯಾರೋ ಉದ್ಗರಿಸಿದರು.

ಹೆಂಡತಿ ಗಾಜು ಇಳಿಸಿದಳು. “ಕಾರ್ ನಿಂತಲ್ಲೇ ನಿಂತು ಬ್ಯಾಟರಿ ಸತ್ತೇತ್ರೀ ಅನ್ನೋದ್ರಾಗ ಫೋನ್ ಇಟ್ರಿ. ಹೆಂಗರ ಮಾಡಿ ಅಂದಿದ್ರಲ್ಲಾ, ತಂದೇನಿ.”

ಬ್ಯಾಟರಿಯ ವೃತ್ತಾಂತವನ್ನು ನಾನು ಎರಡು ಸಲ ವಿವರಿಸಿದೆ. ಕಾಕಾ ನಿಜವಾದ ಕರುಣೆಯಿಂದ ನನ್ನ ಹೆಗಲ ಮೇಲೆ ಕೈಯಿಟ್ಟರು. “ಇರ್ಲಿ ಬಿಡ್ರಿ ಸಾಹೇಬ್ರ. ಇಂಥಾ ಕಷ್ಟ ಎಲ್ಲಾ ಮನಷ್ಯಾಗ ಬರ್ತಾವ. ಮೊದಲ ನಮ್ಮ ಕಡೆ ಹೇಳಬೇಕಿತ್ತು.”

ಬೆಳಗಿನಿಂದ ನಾನು ಒಂದೇ ಒಂದು ಸುಳ್ಳೂ ಹೇಳಿರಲಿಲ್ಲ. ಕಾರನ್ನು ಸರ್ವಿಸಿಂಗಿಗೆ ಬಿಟ್ಟಿದ್ದೇನೆ ಎಂದು ಮೊದಲಿಗೇ ಅಂದುಬಿಟ್ಟಿದ್ದರೆ ಕಾಕಾ ಚಹಾ ಮುಗಿಸಿ ಎದ್ದು ಹೋಗುತ್ತಿದ್ದರೆಂದು ಈಗ ಹೊಳೆಯುತ್ತದೆ. ಇಂಥ ಬುದ್ಧಿ ನನಗೆ ಸಾಮಾನ್ಯವಾಗಿ ಕೆಲಸ ಕೆಟ್ಟ ಮೇಲೆಯೇ ಬರುತ್ತದೆ. ಕಾಕಾ ಅಂದೇ ಠೇವಣಿ ಮುರಿಸಿ ಎದುರಿನ ಸೊಸೈಟಿಯಲ್ಲಿಟ್ಟರು. ಆ ವಾರದಲ್ಲಿ ಓಣಿಯ ಅರ್ಧ ಮಂದಿ ಅವರ ಹಿಂದೆ ಹೋದರು. ಹೊಸ ಬ್ಯಾಟರಿ ಹಾಕಿಸಿ ನಾನೀಗ ಕಾರಿನಲ್ಲೇ ಕಚೇರಿಗೆ ಹೋಗುತ್ತಿದ್ದೇನೆ. ಠೇವಣಿ ಮರಳಿ ಬಂದಿಲ್ಲ.