ಮುಂಚೆಯೇ ಹೇಳಿದ ತಪ್ಪಿಗೆ

ಅವನು ಮಾಡಿದ ತಪ್ಪು ಒಂದೇ. ನಾಳೆ ನಿಮ್ಮ ಬೀದಿಗೆ ಬರುತ್ತೇನೆ ಎಂದು ಹಿಂದಿನ ದಿನವೇ ಹೇಳಿಬಂದಿದ್ದ.

ಕಚೇರಿಯಲ್ಲಿ ಎಲ್ಲರೂ ಅವನನ್ನು ಬಾಟಲಿ ಎಂದೇ ಕರೆಯುತ್ತಿದ್ದರು. ಕುಡಿತಕ್ಕೂ ಈ ಹೆಸರಿಗೂ ಸಂಬಂಧವಿಲ್ಲ. ಕಾರ್ಖಾನೆಯೋ ಎಣ್ಣೆ ಪೈಪ್‌ಲೈನೋ ಬರಲಿರುವ ಕಡೆಗೆ ಮೊದಲು ಹೋಗಿ, ಅಲ್ಲಿನ ಬಾವಿ ನೀರನ್ನು ಬಾಟಲಿಗೆ ತುಂಬಿಕೊಳ್ಳುವುದು, ಮಹಡಿ ಮೇಲೆ ಯಂತ್ರವಿಟ್ಟು ಗಾಳಿಯಲ್ಲಿರುವ ಧೂಳು ಹಿಡಿಯುವುದು ಅವನ ಕೆಲಸ. ವರ್ಷಗಟ್ಟಲೆ ಬಾವಿಗೆ ಬಗ್ಗಿ, ಏಣಿ ಹತ್ತಿ ಮಂಡಿ ಸವೆದುಹೋಗಿತ್ತು. ಈ ಸಲ ಎಲ್ಲ ಸರಿಯಾಗಿ ಮುಗಿದರೆ ವರದಿ ಬರೆಯುವ ಕುರ್ಚಿ ನಿಮಗೇ ಎಂದು ಸಾಹೇಬರು ಮಾತು ಕೊಟ್ಟಿದ್ದರು. ಫ್ಯಾನಿನ ಕೆಳಗಿನ ಕುರ್ಚಿ ಅದು. ಯಾರೂ ಇಲ್ಲದಾಗ ಅವನು ಅದರಲ್ಲಿ ಕೂತು ನೋಡಿದ್ದೂ ಉಂಟು.

ಬೆಳಿಗ್ಗೆ ಅವನು ಹೋದಾಗ ಬೀದಿಯನ್ನು ಗುಡಿಸಿ ನೀರು ಹಾಕಲಾಗಿತ್ತು. ನಿವೃತ್ತ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗೇಟಿನಲ್ಲೇ ನಿಂತಿದ್ದರು. ಅವರ ಮಹಡಿಯ ಮೇಲೆ ಯಂತ್ರ ಚಾಲೂ ಮಾಡಿ ಬಾಟಲಿ ಕೆಳಗಿಳಿದು ಬಂದ. ಬಾವಿಯಿಂದ ಒಂದು ಕೊಡ ನೀರು ಸೇದಿದ್ದೇ ತಡ, ಕಣ್ಣಲ್ಲಿ ಬಳಬಳ ನೀರು.

"ಏನ್ ಹಾಕಿದೀರಾ ಮೇಷ್ಟ್ರೇ ಇದಕ್ಕೆ?"

"ಬ್ಲೀಚಿಂಗ್ ಪೌಡರ್. ಒಂದು ಡಬ್ಬ ಪೂರ್ತಿ ಸುರಿದೆ. ಈಗ ಒಂದೇ ಒಂದು ಕ್ರಿಮಿ ತೋರ್ಸಿ ನೋಡೋಣ!"

"ನೀರು ಇರೋ ಹಾಗೇ ಬೇಕಿತ್ತು ಸಾರ್. ಪೈಪ್‌ಲೈನ್ ಬರೋಕೆ ಮುಂಚೆ ಹೇಗಿತ್ತು ಅಂತ ಗೊತ್ತಿದ್ರೆ ತಾನೇ, ನಾಳೆ ಅದು ಸೋರಿ ನೀರು ಕೆಟ್ರೆ ಗೊತ್ತಾಗೋದು?"

"ಹಾಗಂತ ಮುಖ ತೊಳೀದೆ ಫೋಟೋ ತೆಗೆಸ್ಕೊಳ್ಳಕ್ಕಾಗತ್ತೇನ್ರೀ?"

ಬಾಟಲಿ ಕೊಡ ಬಗ್ಗಿಸಿ ನೀರು ಚೆಲ್ಲಿದ. ಅಷ್ಟರಲ್ಲಿ ಎದುರು ಮನೆಯ ಬಟ್ಟೆ ಹೊಲಿಯುವ ಅಕ್ಕ, ಕೊರಳಲ್ಲಿ ಅಳತೆ ಟೇಪು ನೇತುಹಾಕಿಕೊಂಡೇ ಕಾಂಪೌಂಡಿನ ಮೇಲಿಂದ ಇಣುಕಿದಳು.

"ಅವ್ರದ್ದು ಬಿಡಿ ಸಾರ್, ನಮ್ಮ ಬಾವಿಗೆ ಬನ್ನಿ. ನಾನು ಪೌಡರ್ ಗೀಡರ್ ಏನೂ ಹಾಕಿಲ್ಲ."

ಬಾಟಲಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಕೊಡ ಇಳಿಬಿಟ್ಟ. ಅದು ತಳಕ್ಕೆ ಬಡಿದು ಠಣ್ ಎಂದಿತು.

"ನೀರೆಲ್ಲಿ ಅಕ್ಕಾ?"

"ಪಂಪ್ ಹಾಕ್ಸಿ ಪೂರ್ತಿ ಹೊರಗೆ ಹಾಕಿದೆ. ಆಮೇಲೆ ಇಬ್ರನ್ನ ಇಳಿಸಿ ತಿಕ್ಕಿಸಿದೆ. ತಳ ನೋಡಿ ಹೆಂಗಿದೆ, ಕೂತು ಊಟ ಮಾಡಬಹುದು!"

"ಮತ್ತೆ ಯಾವಾಗ ತುಂಬತ್ತೆ?"

"ಒಂದು ನಾಲ್ಕು ದಿನ ಬಿಟ್ಟು ಬನ್ನಿ."

ಸಾಹೇಬರಿಗೆ ಫೋನು ಮಾಡಿ ನಾಲ್ಕು ದಿನ ಕೇಳಿದ. "ಸಂಜೆ ಒಳಗೆ ಎರಡು ಬಾವಿ ನೀರೂ ಲ್ಯಾಬಲ್ಲಿರ್ಬೇಕು, ಪೈಪ್‌ಲೈನ್ ಕಂಪನಿಯವ್ರು ಕಾದು ಕೂತಿದಾರೆ. ಕುರ್ಚಿ ಬೇಕು ತಾನೇ?" ಎಂದು ಕೇಳಿ ಅವರು ಫೋನಿಟ್ಟರು.

ಗಾಳಿಯಾದರೂ ಸಿಗಲಿ ಎಂದು ಮಧ್ಯಾಹ್ನದ ಮೇಲೆ ಮಹಡಿ ಹತ್ತಿದರೆ, ಯಂತ್ರದ ಜಾಗದಲ್ಲಿ ಒಂದು ದೊಡ್ಡ ಗಂಟು ಗುಂಯ್ ಎನ್ನುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರ ಹೆಂಡತಿ ಕಾವಲು ಕೂತಿದ್ದರು.

"ಪಾಪ, ಬರೀ ಧೂಳು ಕುಡೀತಿತ್ತು ಕಣಪ್ಪಾ. ನೀನು ಕೆಳಗಿಳಿದ ತಕ್ಷಣ ಬೆಡ್‌ಶೀಟ್ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿದೆ. ಹಗ್ಗ ಗಟ್ಟಿಯಾಗಿದೆ, ನಿಧಾನಕ್ಕೆ ಬಿಚ್ಚು."

ಯಂತ್ರದೊಳಗಿನ ಧೂಳು ಹಿಡಿಯುವ ಕಾಗದ ಹಾಕಿದಾಗ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು. ಬಾಟಲಿ ಅದನ್ನು ಮಡಿಚಿ ಲಕೋಟೆಗೆ ಹಾಕಿಕೊಂಡ.

ಕಚೇರಿಗೆ ಹೋಗುವ ದಾರಿಯಲ್ಲೇ ಅವನು ಇರುವ ಅತ್ತೆ ಮನೆ. ಅತ್ತೆಗೆ ತಮ್ಮ ಬಾವಿಯ ಮೇಲೆ ಇದ್ದಷ್ಟು ಹೆಮ್ಮೆ ಅಳಿಯನ ಮೇಲೆ ಎಂದೂ ಇರಲಿಲ್ಲ. ಅದರ ನೀರು ಅಮೃತ ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು. ಒಳ್ಳೆಯ ನೀರು ಯಾವ ಬೀದಿಯದಾದರೇನು ಎನ್ನಿಸಿತು ಬಾಟಲಿಗೆ. ಮಾಡುತ್ತಿರುವುದು ತಪ್ಪು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಮಂಡಿಗಳು ಮಾತ್ರ ಕೇಳಲಿಲ್ಲ. ಹಿತ್ತಲಿಗೆ ಹೋಗಿ ಎರಡು ಬಾಟಲಿ ತುಂಬಿಕೊಂಡು, ಆ ಬೀದಿಯ ಎರಡು ಬಾವಿಗಳ ಚೀಟಿ ಅಂಟಿಸಿದ.

"ಯಾರಿಗೆ ಅಳಿಯಂದ್ರೇ ನೀರು?" ಅತ್ತೆ ಅಡುಗೆಮನೆಯ ಕಿಟಕಿಯಿಂದಲೇ ಕೇಳಿದರು.

"ನಮ್ಮ ಸಾಹೇಬ್ರಿಗೆ ಅತ್ತೆ. ನಮ್ಮ ಬಾವಿ ನೀರಿನ ರುಚಿ ನೋಡ್ಬೇಕಂತೆ."

ಅತ್ತೆಯ ಮುಖ ಊರಗಲವಾಯಿತು.

ಕಚೇರಿಯ ಲ್ಯಾಬಿನ ಮೇಡಂ ಕತ್ತಲಾಗುವ ಮೊದಲೇ ಫಲಿತಾಂಶ ಹಿಡಿದು ಸಾಹೇಬರ ಕೋಣೆಗೆ ಬಂದರು. ಬಾಟಲಿ ಅಲ್ಲೇ ಕೈಕಟ್ಟಿ ನಿಂತಿದ್ದ.

"ಗಾಳಿ ಇಷ್ಟು ಶುದ್ಧವಾಗಿರೋ ಜಾಗ ನಾನು ನೋಡೇ ಇಲ್ಲ ಸಾರ್. ಆದ್ರೆ ಎರಡೂ ಬಾವಿ ನೀರು ಕುಡಿಯೋದಿರ್ಲಿ, ಬಾಯಿ ಮುಕ್ಕಳಿಸೋಕೂ ಲಾಯಕ್ಕಿಲ್ಲ. ನೈಟ್ರೇಟ್ ವಿಪರೀತ. ಬಾವಿ ಪಕ್ಕದಲ್ಲೇ ಶೌಚದ ಗುಂಡಿ ಇದ್ಯಾ?"

ಇತ್ತು. ಹಿಂದಿನ ವರ್ಷ ಹೊಸ ಗುಂಡಿ ತೋಡಿಸುವಾಗ, ಬಾವಿ ಪಕ್ಕದಲ್ಲೇ ಆದರೆ ಉದ್ದ ಪೈಪು ಬೇಕಾಗುವುದಿಲ್ಲ ಎಂದು ಅತ್ತೆಗೆ ಸಲಹೆ ಕೊಟ್ಟವನು ಬಾಟಲಿಯೇ. ನೀರಿನ ವಿಷಯ ತಿಳಿದವನು ಎಂದು ಅವರೂ ನಂಬಿದ್ದರು.

"ಇದ್ದ ಹಾಗಿತ್ತು ಮೇಡಂ," ಎಂದ.

ಸಾಹೇಬರು ಎದ್ದು ನಿಂತು ಅವನ ಬೆನ್ನು ತಟ್ಟಿದರು. "ದೊಡ್ಡ ಕೆಲಸ ಮಾಡಿದ್ರಿ! ಆ ಬೀದಿಯವ್ರು ಪಾಪ, ಇಂಥ ನೀರು ಕುಡೀತಿದಾರೆ. ಕಂಪನಿ ಕಡೆಯಿಂದ ನಾಳೆನೇ ಮನೆಮನೆಗೆ ಶುದ್ಧ ನೀರಿನ ನಲ್ಲಿ ಹಾಕ್ಸೋಣ. ಇನ್ಮೇಲೆ ಪ್ರತಿ ತಿಂಗಳೂ ಇದೇ ಬಾವಿಗಳ ನೀರು ತರ್ಬೇಕು. ನೀವೇ ತನ್ನಿ, ನಿಮಗಿಂತ ಆ ಬಾವಿ ಗೊತ್ತಿರೋರು ಯಾರಿದಾರೆ?"

"ಕುರ್ಚಿ ಸಾರ್..."

"ಕುರ್ಚಿ ಎಲ್ಲಿಗೂ ಓಡಿಹೋಗಲ್ಲ, ಬಿಡಿ."

ಬಾಟಲಿ ಕಾಲೆಳೆದುಕೊಂಡು ಮನೆಗೆ ಬಂದ. ನಿಜ ಹೇಳಿದರೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮನೆಯವರೆಲ್ಲರ ಹೊಟ್ಟೆ ಕೆಡುತ್ತದೆ. ದಾರಿಯುದ್ದಕ್ಕೂ ಅದೇ ಸಂಕಟ. ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಹಿಂದೆ ಹೆಂಡತಿ, ಅವಳ ಹಿಂದೆ ಸುದ್ದಿ ಕೇಳಿ ಬಂದಿದ್ದ ಪಕ್ಕದ ಮನೆಯವರು.

"ಏನಂದ್ರು ಸಾಹೇಬ್ರು, ನಮ್ಮ ನೀರಿಗೆ?"

ಬಾಟಲಿ ಎಲ್ಲರ ಮುಖ ನೋಡಿದ.

"ಇಂಥ ನೀರು ಎಲ್ಲೂ ನೋಡಿಲ್ಲ ಅಂದ್ರು ಅತ್ತೆ. ತಿಂಗಳು ತಿಂಗಳೂ ತರೋಕೆ ಹೇಳಿದಾರೆ."

ಮದುವೆಯಾದ ಮೇಲೆ ಮೊದಲ ಬಾರಿಗೆ ಅತ್ತೆ ಅವನನ್ನು ಕಣ್ತುಂಬ ನೋಡಿದರು. ಒಳಗೆ ಹೋಗಿ, ದೊಡ್ಡ ಚೊಂಬಿನ ತುಂಬ ನೀರು ತಂದು ಕೈಗಿಟ್ಟರು.

"ಎಷ್ಟು ದಣಿದಿದೀರಿ. ಪೂರ್ತಿ ಕುಡೀರಿ ಅಳಿಯಂದ್ರೇ, ಈಗ ತಾನೇ ಸೇದಿದ್ದು."