ಸುಲಭ ತಂತ್ರಾಂಶ ಆಯ್ಕೆ ಉಪಸಮಿತಿಯ ಮೀನು

ಬಡಾವಣೆಯ ನಿವಾಸಿಗಳ ಸಂಘದ ಹವ್ಯಾಸ ಕೊಠಡಿಯಲ್ಲಿದ್ದ, ಕಂಪ್ಯೂಟರ್ ಹೇಳಿದಂತೆ ಮರ ಕೆತ್ತುವ ಸಿಎನ್‌ಸಿ ಯಂತ್ರವು ಅತ್ಯಂತ ಸುಸ್ಥಿತಿಯಲ್ಲಿತ್ತು. ತಂದ ದಿನದಿಂದ ಅದನ್ನು ಯಾರೂ ಚಾಲೂ ಮಾಡಿರಲಿಲ್ಲವಾದ್ದರಿಂದ ಈ ಬಗ್ಗೆ ಯಾರಿಗೂ ತಕರಾರಿರಲಿಲ್ಲ. ಊಟದ ಮೇಜಿನಷ್ಟಗಲದ ಯಂತ್ರ. ಅದರ ಮೇಲೆ ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ, ಮೇಲಕ್ಕೂ ಕೆಳಕ್ಕೂ ಓಡಬಲ್ಲ ಒಂದು ಮೋಟರು. ಮೋಟರಿನ ಮೂತಿಗೆ ಪೆನ್ಸಿಲ್ ತುಂಡಿನಂಥ ಒಂದು ಕೊರೆಯುವ ಬಿಟ್ಟು. ಇದರ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆಯ ಧೂಳನ್ನು ಸಂಘವು ತಪ್ಪದೆ ಒರೆಸಿಸುತ್ತಿತ್ತು.

ಕೊರತೆಯಿದ್ದದ್ದು ಕ್ಯಾಮ್ ತಂತ್ರಾಂಶದ್ದು ಮಾತ್ರ. ನಾವು ಕಂಪ್ಯೂಟರಿನಲ್ಲಿ ಬರೆದ ಚಿತ್ರ ಯಂತ್ರಕ್ಕೆ ಅರ್ಥವಾಗುವುದಿಲ್ಲ. ಬಿಟ್ಟು ಎಲ್ಲಿಂದ ಎಲ್ಲಿಗೆ ಹೋಗಬೇಕು, ಎಷ್ಟು ಆಳ ಇಳಿಯಬೇಕು, ಎಷ್ಟು ಜೋರಾಗಿ ಓಡಬೇಕು ಎಂದು ಯಾರಾದರೂ ಅದಕ್ಕೆ ಬಿಡಿಸಿ ಹೇಳಬೇಕು. ಹಾಗೆ ಹೇಳುವುದೇ ಈ ತಂತ್ರಾಂಶದ ಕೆಲಸ. ಅದಿಲ್ಲದೆ ಯಂತ್ರ ಬಾಯಿ ಬಾರದ ಅತಿಥಿಯಂತೆ ಮೂಲೆಯಲ್ಲಿ ನಿಂತಿತ್ತು.

ಇದರಿಂದ ನಿಜವಾಗಿ ಕಂಗೆಟ್ಟವರು ಒಬ್ಬರೇ. ನೀರು ಸರಬರಾಜು ಕಚೇರಿಯಲ್ಲಿ ಬದುಕಿಡೀ ಕೊಳವೆಗಳ ನಕ್ಷೆ ಬರೆದು ನಿವೃತ್ತರಾದ ಆ ಹೆಂಗಸನ್ನು ಬಡಾವಣೆಯವರೆಲ್ಲ ಸ್ಕೇಲಕ್ಕ ಎನ್ನುತ್ತಿದ್ದರು. ಅವರ ಯಜಮಾನರು ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ಅಕ್ಷರ ನೋಡಿ ನೋಡಿ ಸವೆದವೋ ಎಂಬಂತೆ ಈಗ ಅವರ ಕಣ್ಣುಗಳ ನಡುಭಾಗಕ್ಕೇ ಮಬ್ಬು ಕವಿದಿತ್ತು. ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ.

ಗಂಡಹೆಂಡಿರು ಮಧ್ಯಾಹ್ನ ಚದುರಂಗ ಆಡುತ್ತಿದ್ದರು. ಒಂದು ದಿನ, ಬಿಳಿ ಮನೆಗಳಲ್ಲೇ ಓರೆಯಾಗಿ ಓಡಬೇಕಾದ ಯಜಮಾನರ ಒಂಟೆ ಕಪ್ಪು ಮನೆಯಲ್ಲಿ ಇಳಿಯಿತು. ಸ್ಕೇಲಕ್ಕ ಕಂಡೂ ಕಾಣದಂತೆ ಇದ್ದುಬಿಟ್ಟರು. ಅವರು ಹಾಗೆ ಇದ್ದುಬಿಟ್ಟದ್ದು ಯಜಮಾನರಿಗೆ ಹೇಗೋ ಗೊತ್ತಾಯಿತು. ಮಣೆ ಮಡಚಿ ಬೀರುವಿನ ಮೇಲಿಟ್ಟರು. ಮತ್ತೆ ಇಳಿಸಲಿಲ್ಲ.

ಕಪ್ಪು ಮನೆಗಳು ಒಂದಿಷ್ಟೇ ಎತ್ತರವಾಗಿರುವ ಮಣೆ ಇದ್ದರೆ ಕಣ್ಣಿನ ಕೆಲಸವನ್ನು ಬೆರಳು ನೋಡಿಕೊಳ್ಳುತ್ತದೆ ಎಂದು ಸ್ಕೇಲಕ್ಕನಿಗೆ ಹೊಳೆಯಿತು. ಮನೆಯ ಲ್ಯಾಪ್‌ಟಾಪಿನಲ್ಲಿ ನಾಲ್ಕಾರು ತಂತ್ರಾಂಶಗಳನ್ನು ಇಳಿಸಿಕೊಂಡು ಪ್ರಯೋಗ ಮಾಡಿ ನೋಡಿದರು. ಒಂದು ಚೆನ್ನಾಗಿ ಹಿಡಿಸಿತು. ಯಾವ ಬಿಟ್ಟು, ಎಷ್ಟು ಆಳ, ಎಷ್ಟು ವೇಗ ಎಂದಷ್ಟೇ ಕೇಳಿ ಅದು ಸುಮ್ಮನಾಗುತ್ತಿತ್ತು. ಕೆತ್ತುವ ಮೊದಲು ಕೆತ್ತಿದ ಮೇಲೆ ಹೇಗೆ ಕಾಣುತ್ತದೆಂದು ತೋರಿಸುತ್ತಲೂ ಇತ್ತು. ಮಣೆಯ ಚಿತ್ರ ಸಿದ್ಧಮಾಡಿಕೊಂಡು ಅವರು ಸಂಘದ ಸಭೆಗೆ ಹೋದರು.

“ಇದು ತುಂಬಾ ಸುಲಭವಾಗಿದೆ, ಇದನ್ನೇ ಹಾಕಿಸಿಬಿಡೋಣ,” ಎಂದರು.

ಅಧ್ಯಕ್ಷರು ಲೆಕ್ಕ ತಪಾಸಣೆ ಇಲಾಖೆಯಿಂದ ನಿವೃತ್ತರಾದವರು. ಯಾವ ಮಾತನ್ನೂ ಅದು ಬಂದ ದಾರಿಯಲ್ಲೇ ವಾಪಸು ಕಳಿಸಬಲ್ಲವರು. “ಸುಲಭ ಅಂತ ಹೇಳ್ತಿರೋದು ಯಾರು?” ಎಂದು ಕೇಳಿದರು.

“ನಾನೇ.”

“ನಿಮಗೆ ಅದನ್ನ ಬಳಸೋಕೆ ಬರುತ್ತಾ?”

“ಬರುತ್ತೆ.”

“ಅಲ್ಲೇ ನೋಡಿ ಎಡವಟ್ಟು. ಬರೋರಿಗೆ ಎಲ್ಲಾನೂ ಸುಲಭವೇ. ನಿಮ್ಮ ಅಭಿಪ್ರಾಯಕ್ಕೆ ತಿಳುವಳಿಕೆ ಸೋಕಿಬಿಟ್ಟಿದೆ, ಅಕ್ಕ. ನಾವದನ್ನ ತಗೊಳ್ಳೋ ಹಾಗಿಲ್ಲ.”

ಸಭೆಗೆ ಇದು ನ್ಯಾಯವಾಗಿಯೇ ಕಂಡಿತು. ಸುಲಭ ತಂತ್ರಾಂಶ ಆಯ್ಕೆ ಉಪಸಮಿತಿ ಅಲ್ಲೇ ರಚನೆಯಾಯಿತು. ಅದರ ಮೊದಲ ನಿಯಮ ಹೀಗಿತ್ತು: ತಂತ್ರಾಂಶವು ಸುಲಭವೇ ಅಲ್ಲವೇ ಎಂಬುದನ್ನು ಅದರ ಬಗ್ಗೆ ಏನೂ ತಿಳಿಯದ ಸದಸ್ಯರು ಮಾತ್ರ ತೀರ್ಮಾನಿಸತಕ್ಕದ್ದು. ಕಂಪ್ಯೂಟರ್ ಚಾಲೂ ಮಾಡಲು ಯಾರಾದರೂ ಬೇಕಾದ್ದರಿಂದ ಸ್ಕೇಲಕ್ಕನನ್ನು ಸಂಚಾಲಕಿಯಾಗಿ ನೇಮಿಸಲಾಯಿತು. ಸಂಚಾಲಕಿಗೆ ಮತವಿರಲಿಲ್ಲ. ಚಾಲೂ ಮಾಡಿದ ಮೇಲೆ ಮುಖ ತಿರುಗಿಸಿಕೊಂಡು ಕೂರಬೇಕಿತ್ತು.

ಮೊದಲು ಪರೀಕ್ಷೆಗೆ ಕೂತವರು ಸಂಘದ ಕಾರ್ಯದರ್ಶಿಗಳಾದ ಹಲ್ಲಿನ ಡಾಕ್ಟರು. ಕೊರೆಯುವುದೇ ಕಸುಬಾದ್ದರಿಂದಲೋ ಏನೋ, ಕೆಲಹೊತ್ತಿಗೆಲ್ಲ ಅವರಿಗೆ ಹದ ಸಿಕ್ಕಿತು. ಪರದೆಯ ಮೇಲೆ ಒಂದು ಅಚ್ಚುಕಟ್ಟಾದ ಬಟ್ಟಲು ಕೆತ್ತಿಸಿ, “ಅಯ್ಯೋ, ಇಷ್ಟೇನಾ!” ಎಂದು ಖುಷಿಯಿಂದ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದರು.

“ಹಾಗಾದ್ರೆ ಸುಲಭ ಅಂತ ಬರ್ಕೊಳ್ಳಲಾ?” ಎಂದರು ಸ್ಕೇಲಕ್ಕ, ಗೋಡೆಯ ಕಡೆ ಮುಖಮಾಡಿಕೊಂಡೇ.

“ತಡೀರಿ,” ಎಂದರು ಅಧ್ಯಕ್ಷರು. “ಡಾಕ್ಟ್ರೇ, ಈಗ ನಿಮಗೆ ಬರುತ್ತಲ್ವಾ?”

ಡಾಕ್ಟರು ಸುತ್ತುವುದನ್ನು ನಿಲ್ಲಿಸಿದರು. ಅವರಿಗೆ ಬರುತ್ತಿತ್ತು. ಆದ್ದರಿಂದ ಅವರನ್ನು ಅನರ್ಹಗೊಳಿಸಲಾಯಿತು.

ಆಮೇಲೆ ಕೂತವರೆಲ್ಲರ ಪಾಡೂ ಇದೇ ಆಯಿತು. ಔಷಧಿ ಅಂಗಡಿಯವರು ಕಲಿತುಬಿಟ್ಟರು. ಸಂಗೀತದ ಟೀಚರು ಕಲಿತುಬಿಟ್ಟರು. ಕಲಿಯದೆ ಎದ್ದವರು ‘ಕಷ್ಟ’ ಎಂದರು, ಅವರ ಮಾತು ಊರ್ಜಿತವಾಯಿತು. ‘ಸುಲಭ’ ಎನ್ನಬಲ್ಲವರು ಎನ್ನುವ ಹೊತ್ತಿಗೆ ಹಕ್ಕು ಕಳೆದುಕೊಂಡಿರುತ್ತಿದ್ದರು. ಹೀಗೆ ಒಳ್ಳೊಳ್ಳೆಯ ತಂತ್ರಾಂಶಗಳೆಲ್ಲ ಒಂದರ ಹಿಂದೊಂದು ತಿರಸ್ಕೃತವಾದವು. ಇನ್ನೊಂದು ಕಡೆ ಏನೂ ತಿಳಿಯದವರ ಸಂಖ್ಯೆ ಆತಂಕಕಾರಿಯಾಗಿ ಇಳಿಯತೊಡಗಿತು. ಸಂಘವು ಗೇಟಿನ ಬಳಿ ಹೀಗೆಂದು ಫಲಕ ಹಾಕಬೇಕಾಯಿತು:

“ಪ್ರಕಟಣೆ. ಹವ್ಯಾಸ ಕೊಠಡಿಯ ಕಿಟಕಿಯಲ್ಲಿ ಇಣುಕುವ ಮೂಲಕ ಕೆಲವು ಸದಸ್ಯರು ಅರಿವಿಲ್ಲದೆಯೇ ಅರಿವು ಗಳಿಸುತ್ತಿರುವುದು ಗಮನಕ್ಕೆ ಬಂದಿದೆ. ಸಂಘದಲ್ಲಿ ಲಭ್ಯವಿರುವ ಅಜ್ಞಾನವು ಸೀಮಿತವಾಗಿದ್ದು, ಸದಸ್ಯರು ಅದನ್ನು ಮಿತವಾಗಿ ಬಳಸಿ ಸಹಕರಿಸಬೇಕಾಗಿ ಕೋರಲಾಗಿದೆ.”

ಫಲಕ ಓದಿದವರು ಕಿಟಕಿ ದಾಟುವಾಗ ಕಣ್ಣಿಗೆ ಕೈ ಅಡ್ಡ ಹಿಡಿದು ನಡೆಯತೊಡಗಿದರು. ಔಷಧಿ ಅಂಗಡಿಯವರ ಹೆಂಡತಿ ಒಂದು ವಾರ ಗಂಡನೊಡನೆ ಮಾತು ಬಿಟ್ಟರು. ಊಟಕ್ಕೆ ಕೂತಾಗ ಅವರು ಬಾಯಿ ತಪ್ಪಿ ಬಿಟ್ಟಿನ ವೇಗದ ವಿಷಯ ಎತ್ತಿ ಆಕೆಯ ಅರ್ಹತೆಗೂ ಕಲ್ಲು ಹಾಕಿದ್ದರು.

ಸ್ಕೇಲಕ್ಕ ಮನೆಗೆ ಬಂದರೆ ಯಜಮಾನರು ಕಿಟಕಿಯ ಪಕ್ಕ ಕೂತು ಬೆರಳಿನಿಂದ ಮಂಡಿಯ ಮೇಲೆ ಏನೋ ನಡೆಸುತ್ತಿರುತ್ತಿದ್ದರು. ಕುದುರೆಯ ನಡೆಯೆಂದು ಸ್ಕೇಲಕ್ಕನಿಗೆ ತಿಳಿಯುತ್ತಿತ್ತು. ಎರಡು ಬೆರಳು ಮುಂದೆ, ಒಂದು ಪಕ್ಕಕ್ಕೆ.

“ಎಲ್ಲಿಗೆ ಬಂತೇ ನಿನ್ನ ಸಮಿತಿ?”

“ನಡೀತಾ ಇದೆ ರೀ.”

“ನನಗೇನು ಅವಸರ ಇಲ್ಲ ಬಿಡು,” ಎಂದು ಅವರು ಅಂದಾಗಲೆಲ್ಲ ಸ್ಕೇಲಕ್ಕ ಲ್ಯಾಪ್‌ಟಾಪು ತೆರೆದು ಮಣೆಯ ಚಿತ್ರವನ್ನು ಇನ್ನೊಮ್ಮೆ ನೋಡುತ್ತಿದ್ದರು.

‘ಕಷ್ಟ’ ಎಂದಿದ್ದವರೂ ನೋಡಿ ನೋಡಿ ಕಲಿತುಬಿಟ್ಟು, ಕೊನೆಗೆ ಬಡಾವಣೆಯಲ್ಲಿ ಏನೂ ತಿಳಿಯದವರಾಗಿ ಉಳಿದವರು ಸ್ವತಃ ಅಧ್ಯಕ್ಷರೊಬ್ಬರೇ. ಕಂಪ್ಯೂಟರನ್ನು ಬೆರಳ ತುದಿಯಲ್ಲೂ ಮುಟ್ಟಿದವರಲ್ಲವೆಂಬ ಹೆಮ್ಮೆ ಅವರಿಗೆ ಮೊದಲಿಂದಲೂ ಇತ್ತು. ಈಗ ಅದು ಸಂಘದ ಆಸ್ತಿಯಾಯಿತು. ಅವರು ಏಕಸದಸ್ಯ ಸಮಿತಿಯಾಗಿ ಪರದೆಯ ಮುಂದೆ ಕೂತರು. ಸ್ಕೇಲಕ್ಕ ತಮ್ಮ ನೆಚ್ಚಿನ ತಂತ್ರಾಂಶವನ್ನು ಮತ್ತೊಮ್ಮೆ ತೆರೆದಿಟ್ಟರು. ಅದು ಯಾವ ಬಿಟ್ಟು ಎಂದು ಕೇಳಿತು.

“ನನ್ನನ್ನೇ ಕೇಳುತ್ತೆ!” ಅಧ್ಯಕ್ಷರು ಕುರ್ಚಿ ಹಿಂದೆ ತಳ್ಳಿದರು. “ಎಲ್ಲಾ ನಾನೇ ಹೇಳೋದಾದ್ರೆ ಇದಕ್ಕೇನು ಕೆಲಸ? ಪ್ರಶ್ನೆ ಕೇಳೋದು ಯಾವುದೂ ಸುಲಭ ಅಲ್ಲ.”

ತಂತ್ರಾಂಶ ಮಾರುವವನೊಬ್ಬ ಈ ಸುದ್ದಿ ತಿಳಿದು ಬಂದ. ಜಾಣ. ತನ್ನ ಸರಕಿನಿಂದ ಪ್ರಶ್ನೆಗಳನ್ನು ಒಂದೊಂದಾಗಿ ಕಿತ್ತುಹಾಕಿ ತಂದು ತೋರಿಸಿದ. ಅಳತೆ ತೆಗೆದ, ಆಳ ತೆಗೆದ, ಕಡೆಗೆ ಚಿತ್ರ ಬರೆಯುವ ಜಾಗವನ್ನೂ ತೆಗೆದ. ಬೇಡದ ಅನುಮಾನಕ್ಕೆ ಎಡೆಕೊಡುತ್ತದೆಂದು ಕೀಲಿಮಣೆಯನ್ನೂ ಬಿಚ್ಚಿಕೊಂಡ. ಪರದೆಯ ಮೇಲೆ ‘ಆಗಲಿ’ ಎಂಬ ಒಂದೇ ಒಂದು ಗುಂಡಿ ಉಳಿಯಿತು.

ಅಧ್ಯಕ್ಷರು ಅದನ್ನು ಮುಟ್ಟಿದರು. ಯಂತ್ರ ಮೊದಲ ಸಲ ಗುರ್ರೆಂದಿತು. ಮರದ ಪುಡಿ ಹಾರಿತು, ಹೊಸ ಮರದ ವಾಸನೆ ಕೊಠಡಿ ತುಂಬಿತು. ನೋಡುತ್ತಿದ್ದಂತೆ ಹಲಗೆಯಲ್ಲಿ ಅಂಗೈಯಗಲದ ಒಂದು ಮೀನು ಎದ್ದಿತು. ಮಾದರಿಗೆಂದು ಮಾರುವವನು ಒಳಗೆ ಸೇರಿಸಿಟ್ಟಿದ್ದ ಚಿತ್ರ ಅದೊಂದೇ.

ಅಧ್ಯಕ್ಷರು ಮೀನನ್ನು ಎತ್ತಿ ಹಿಡಿದರು. ಅವರ ಕಣ್ಣು ತೇವವಾಗಿತ್ತು. “ನನಗೆ ಮೀನು ಬೇಕು ಅಂತ ಇದಕ್ಕೆ ಹೇಗೆ ಗೊತ್ತಾಯ್ತು?” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಕೇಲಕ್ಕ ತಟ್ಟಲಿಲ್ಲ. “ಇದು ಮೀನು ಬಿಟ್ಟು ಬೇರೇನೂ ಕೆತ್ತಲ್ಲ. ನನಗೆ ಬೇಕಾಗಿರೋದು ಚದುರಂಗದ ಮಣೆ,” ಎಂದರು.

“ಅಕ್ಕ, ಬೇಜಾರು ಮಾಡ್ಕೋಬೇಡಿ,” ಅಧ್ಯಕ್ಷರ ದನಿಯಲ್ಲಿ ನಿಜವಾದ ಕನಿಕರವಿತ್ತು. “ಇದು ತಂತ್ರಾಂಶದ ಸಮಸ್ಯೆ ಅಲ್ಲ. ಆಸೆಯ ಸಮಸ್ಯೆ.”

ಆ ತಂತ್ರಾಂಶವನ್ನೇ ಕೊಳ್ಳುವ ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಯಂತ್ರ ಮತ್ತೆ ಮೂಲೆ ಸೇರಬಾರದೆಂದು ಪ್ರತಿ ಮನೆಯವರೂ ಸರದಿಯಂತೆ ಬಂದು ‘ಆಗಲಿ’ ಒತ್ತುವುದನ್ನು ಕಡ್ಡಾಯ ಮಾಡಲಾಯಿತು. ಮನೆ ಮನೆಗೂ ಮೀನು ಬಂತು. ಬಾಗಿಲಿಗೆ ಹೆಸರು ಕೆತ್ತಿಸಬೇಕೆಂದಿದ್ದವರು ಮೀನನ್ನೇ ಜಡಿದುಕೊಂಡರು. ಅಂಚೆಯವನು, “ಸಾರ್, ಎಲ್ಲಾ ಮನೆಗೂ ಮೀನೇ ಇದೆಯಲ್ಲ,” ಎಂದಾಗ, ಅವನಿಗೆ ಮೊದಲೆಲ್ಲ ಹೆಸರು ಓದುವ ಕಷ್ಟವಿತ್ತೆಂದೂ ಈಗ ಅದು ತಪ್ಪಿತೆಂದೂ ಅಧ್ಯಕ್ಷರು ತಿಳಿಹೇಳಿದರು. ಸ್ವಲ್ಪ ಸಮಯದಲ್ಲೇ ಮೀನು ಇಡಲು ಜಾಗವಿಲ್ಲದೆ ಜನ ಒಬ್ಬರ ಬಾಗಿಲಲ್ಲಿ ಇನ್ನೊಬ್ಬರು ಸದ್ದಿಲ್ಲದೆ ಮೀನು ಇಟ್ಟುಹೋಗತೊಡಗಿದರು.

ಸ್ಕೇಲಕ್ಕ ತಮ್ಮ ಪಾಲಿನ ಮೊದಲ ಮೀನನ್ನು ಯಜಮಾನರ ಮಡಿಲಲ್ಲಿ ಎಸೆದಂತೆ ಇಟ್ಟು ಅಡುಗೆಮನೆಗೆ ಹೋಗಿಬಿಟ್ಟರು. ಹೊರಬಂದಾಗ ಯಜಮಾನರು ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು.

“ಇದು ಕಪ್ಪು ಮನೆ ಅಂದ್ಕೊಂಡ್ರೆ ಹೇಗೆ?” ಎಂದರು.

ಸ್ಕೇಲಕ್ಕ ಚೀಲ ಹಿಡಿದು ಮನೆ ಮನೆಗೆ ಹೋದರು. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಜನ ಹರಸಿ ಕಳಿಸಿದರು. ಅಗಲವಾದ ಹಲಗೆಯ ಮೇಲೆ ಗೆರೆ ಎಳೆದು, ಕಪ್ಪು ಮನೆ ಇರಬೇಕಾದಲ್ಲೆಲ್ಲ ಒಂದೊಂದು ಮೀನನ್ನು ಅಂಟಿನಿಂದ ಕೂರಿಸಿದರು. ಅಂಟು ಒಣಗಿದ್ದೇ ತಡ, ಯಜಮಾನರು ಕಾಯಿಗಳನ್ನು ಜೋಡಿಸಿದರು. ಅವರ ಒಂಟೆ ಮೀನಿನಿಂದ ಮೀನಿಗೆ ಓರೆಯಾಗಿ ಹೋಗಿ ಸರಿಯಾಗಿ ನಿಂತಿತು. ಅವತ್ತು ಸ್ಕೇಲಕ್ಕ ಸೋತರು, ನಿಜವಾಗಿಯೂ ಸೋತರು.

ಒಂದೇ ತೊಂದರೆಯೆಂದರೆ ಮೀನಿನ ಬೆನ್ನು ಗುಂಡಗಿದ್ದು ಕಾಯಿಗಳು ಆಗಾಗ ಜಾರಿ ಬೀಳುತ್ತಿದ್ದವು. ಮಣೆ ನೋಡಲು ಬಂದ ಅಧ್ಯಕ್ಷರು ಅದಕ್ಕೂ ದಾರಿ ತೋರಿಸಿದರು. ಮೀನಿನ ಮಣೆಯೇ ಬಡಾವಣೆಯ ಅಧಿಕೃತ ಮಣೆಯೆಂದು ಘೋಷಣೆಯಾಯಿತು. ಜಾರಿ ಬಿದ್ದ ಕಾಯಿಯನ್ನು ಮೀನು ನುಂಗಿದೆಯೆಂದು ಭಾವಿಸತಕ್ಕದ್ದು, ಅದಾದ ಮೇಲಿನ ನಡೆ ಮೀನಿಗೆ ಸೇರತಕ್ಕದ್ದು ಎಂದು ನಿಯಮ ಬಂತು.

ಮೊದಲ ಪಂದ್ಯ ಹವ್ಯಾಸ ಕೊಠಡಿಯಲ್ಲಿ, ಅಧ್ಯಕ್ಷರಿಗೂ ಸ್ಕೇಲಕ್ಕನ ಯಜಮಾನರಿಗೂ ನಡೆಯಿತು. ಸ್ಕೇಲಕ್ಕನೇ ತೀರ್ಪುಗಾರರು. ಬಡಾವಣೆಯೆಲ್ಲ ಸುತ್ತ ನಿಂತಿತ್ತು. ಯಜಮಾನರು ಇನ್ನೇನು ಗೆದ್ದರು ಎನ್ನುವಾಗ ಅವರ ಕುದುರೆ ಕಾಲುಜಾರಿ ಕೆಳಗುರುಳಿತು.

“ಏನೇ, ಫ್ಯಾನಿನ ಗಾಳಿಗೆ ಬಿದ್ದಿದ್ದು ಅದು,” ಎಂದರು ಯಜಮಾನರು.

“ಇಲ್ಲ ರೀ. ಮೀನು ನುಂಗ್ತು,” ಎಂದರು ಸ್ಕೇಲಕ್ಕ.

“ಗಾಳಿಗೇ ಕಣೇ!”

“ನಾನು ನೋಡಿದೀನಿ. ನುಂಗ್ತು.”

ಯಜಮಾನರು ನಕ್ಕು ಕೈ ಕಟ್ಟಿ ಕೂತರು. “ಸರಿ. ಈಗ ಯಾರ ನಡೆ?”

“ಮೀನಿಂದು,” ಎಂದರು ಹಲ್ಲಿನ ಡಾಕ್ಟರು.

ಅಧ್ಯಕ್ಷರು ಫ್ಯಾನು ನಿಲ್ಲಿಸಲು ಸನ್ನೆ ಮಾಡಿದರು. ಸಂಗೀತದ ಟೀಚರು ಬಾಗಿಲು ಮುಂದೆ ಮಾಡಿದರು. ಮೀನು ತನ್ನ ನಡೆ ಮುಗಿಸುವವರೆಗೆ ಎಲ್ಲರೂ ಉಸಿರು ಬಿಗಿಹಿಡಿದು ಕಾದರು.